ನೀಲಿ ಕಾಗದದ ವಿದ್ಯೆ

(ನಮ್ಮ ಉಚಿತ ವಾಚನಾಲಯದ ರವಿವಾರದ ಉಪನ್ಯಾಸಮಾಲೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಸ್ಥಳದಲ್ಲಿ ನಿಂತು ಮಾತನಾಡುವವರು ಸಾಮಾನ್ಯವಾಗಿ ಪಂಡಿತರು, ಇಲ್ಲವೆ ಪ್ರಾಧ್ಯಾಪಕರು. ನಾವಾದರೋ ಗಿರಣಿಯ ಕಾರಕೂನರು, ಮ್ಯಾಟ್ರಿಕ್‌ವರೆಗೆ ಓದಿದವರು. ಹಗಲು ಹಾಜರಿ ಪುಸ್ತಕ, ಸಂಜೆ ಈ ವಾಚನಾಲಯದ ಬೀಗದ ಕೈ, ಇವೆರಡೇ ನಮ್ಮ ಅಧಿಕಾರ. ಇಂಥ ನಾವು ವಿಶ್ವವಿದ್ಯಾಲಯದಲ್ಲಿ ಹಳೆಯ ಛಾಯಾಚಿತ್ರ ವಿಧಾನಗಳ ಅಭ್ಯಾಸ ಎಂಬ ವಿಷಯವನ್ನು ಎತ್ತಿಕೊಂಡದ್ದೇಕೆ ಎಂದು ತಮಗೆ ಆಶ್ಚರ್ಯವಾಗಿರಬಹುದು. ಮೊದಲು ಅದರ ಕಾರಣವನ್ನೇ ಅರಿಕೆ ಮಾಡುತ್ತೇವೆ.

ಮಳೆಗಾಲದ ಒಂದು ಸಂಜೆ ಮಗ್ಗದ ಖಾತೆಯಲ್ಲಿ ದುಡಿಯುವ ಹಿರಿಯರೊಬ್ಬರು ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದರು. ಅವರ ಮಗ ಬಿ. ಎ. ಮುಗಿಸಿದ್ದಾನೆ. ನಮ್ಮ ವಾಚನಾಲಯದಲ್ಲಿಯೇ ಓದಿ ಬೆಳೆದ ಹುಡುಗ. ಹಿರಿಯರು ಹೇಳಿದರು: “ಅಣ್ಣಾರ, ನೀವು ನಾಲ್ಕು ಅಕ್ಷರ ಬಲ್ಲವರು. ಈಗ ಎಲ್ಲಾರ ಕಿಸೆದಾಗ ಫೋಟೋ ತೆಗೆಯೋ ಫೋನು ಐತಿ. ನನ್ನ ಮಗ ಮಾತ್ರ ನೂರಾ ಎಂಬತ್ತು ವರ್ಷದ ಹಿಂದಿನ ಫೋಟೋ ಮಾಡೂದು ಕಲೀತೀನಿ, ಅದಕ್ಕೂ ಯುನಿವರ್ಸಿಟಿ ಐತಿ ಅಂತಾನ. ನೀವಾದ್ರೂ ಒಂದು ಬುದ್ಧಿಮಾತು ಹೇಳ್ರಿ.”

ನಾವು ಹೇಳಿದೆವು. ಮರುದಿನವೇ ಹುಡುಗನನ್ನು ಕೂಡಿಸಿಕೊಂಡು, ಹೊಟ್ಟೆಗೆ ಹಿಟ್ಟು ಕೊಡದ ವಿದ್ಯೆ ದುಡಿಯುವವರ ಮಕ್ಕಳಿಗೆ ತರವಲ್ಲ ಎಂದು ಅರ್ಧ ತಾಸು ಉಪದೇಶ ಮಾಡಿದೆವು. ಅವನು ತಲೆ ಬಗ್ಗಿಸಿ ಎಲ್ಲ ಕೇಳಿದ. ಕೊನೆಗೆ ಒಂದೇ ಮಾತು ಕೇಳಿದ: “ಅಣ್ಣಾರ, ಆ ವಿಷಯ ನೀವು ಓದೀರೇನು?”

ಇಲ್ಲ ಎನ್ನಬೇಕಾಯಿತು. ಹತ್ತು ವರ್ಷಗಳಿಂದ ಇದೇ ಕೋಣೆಯಲ್ಲಿ ಬಂದವರಿಗೆಲ್ಲ “ಮೊದಲು ಓದಿರಿ, ಆಮೇಲೆ ಮಾತಾಡಿರಿ” ಎಂದು ಹೇಳುತ್ತ ಬಂದವರು ನಾವು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅಂದಿನಿಂದ ಮೂರು ತಿಂಗಳು ಸಿಕ್ಕದ್ದನ್ನು ಓದಿದೆವು, ಬಲ್ಲವರನ್ನು ಕೇಳಿದೆವು. ಹಾಗೆ ತಿಳಿದುಕೊಂಡದ್ದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇವೆ.

ಎಲ್ಲರಿಗೂ ಗೊತ್ತಿರುವ ಒಂದು ಶಬ್ದದಿಂದ ಪ್ರಾರಂಭಿಸೋಣ. ವೃತ್ತಪತ್ರಿಕೆಯಲ್ಲಿ ದಿನವೂ ಓದುತ್ತೇವೆ: ಸರಕಾರ ಅಭಿವೃದ್ಧಿಯ ನೀಲನಕ್ಷೆ ಹಾಕಿತು, ಕಂಪನಿ ವಿಸ್ತರಣೆಯ ನೀಲನಕ್ಷೆ ಸಿದ್ಧಪಡಿಸಿತು. ಯೋಜನೆಗೆ ನೀಲಿ ಬಣ್ಣ ಯಾಕೆ ಬಂತು ಎಂದು ನಾವು ಎಂದೂ ಯೋಚಿಸಿರಲಿಲ್ಲ. ಕೆಲ ವರ್ಷಗಳ ಹಿಂದೆ ಗಿರಣಿಯ ದಫ್ತರಿನ ಹಳೆಯ ಕಪಾಟು ಖಾಲಿ ಮಾಡುವಾಗ ಒಂದು ದೊಡ್ಡ ಕಾಗದದ ಸುರುಳಿ ಸಿಕ್ಕಿತ್ತು. ಬಿಚ್ಚಿದರೆ ಗಾಢ ನೀಲಿಯ ಮೇಲೆ ಬಿಳಿ ಗೆರೆಗಳಲ್ಲಿ ಯಂತ್ರದ ನಕಾಶೆ. ಅಂಚು ಹರಿದಿತ್ತು, ಬಣ್ಣ ಮಾತ್ರ ನಿನ್ನೆ ಬಳಿದಂತಿತ್ತು. ಅಂದು ರದ್ದಿಗೆ ಹಾಕಿದ ಆ ಕಾಗದವೇ ಇಂದಿನ ನಮ್ಮ ವಿಷಯವೆಂದು ಆಗ ತಿಳಿದಿರಲಿಲ್ಲ. ಅದು ಒಂದು ಬಗೆಯ ಫೋಟೋ.

ಈ ವಿಧಾನಕ್ಕೆ ಸಯನೋಟೈಪ್ ಎಂದು ಹೆಸರು. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಖಗೋಲಶಾಸ್ತ್ರಜ್ಞ ಸರ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ ಇವರ ತಂದೆ. ಅದುವರೆಗಿನ ಹೆಚ್ಚಿನ ಫೋಟೋಗಳಿಗೆ ಬೆಳ್ಳಿಯ ಲವಣಗಳು ಬೇಕಾಗಿದ್ದವು. ಹರ್ಷೆಲ್ಲರು ಬೆಳ್ಳಿಯನ್ನು ಬಿಟ್ಟು ಕಬ್ಬಿಣವನ್ನು ಹಿಡಿದರು.

ಕ್ರಮ ಬಹಳ ಸರಳ. ಫೆರಿಕ್ ಅಮೋನಿಯಂ ಸಿಟ್ರೇಟ್ ಎಂಬ ಕಬ್ಬಿಣದ ಲವಣ 25 ಗ್ರಾಂ, 100 ಮಿಲಿಲೀಟರ್ ನೀರಿಗೆ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಬೇರೆ 100 ಮಿಲಿಲೀಟರ್ ನೀರಿಗೆ. ಎರಡನ್ನೂ ಸಮಪ್ರಮಾಣದಲ್ಲಿ ಕೂಡಿಸಿ, ಮಂದವಾದ ಹಳದಿ ಬಲ್ಬಿನ ಬೆಳಕಿನಲ್ಲಿ ಕುಂಚದಿಂದ ಕಾಗದಕ್ಕೆ ಬಳಿದು, ಕತ್ತಲೆಯಲ್ಲಿ ಒಣಗಿಸಬೇಕು. ಕಾಗದ ಹಳದಿ-ಹಸಿರಾಗಿ ಕಾಣುತ್ತದೆ. ಅದರ ಮೇಲೆ ಒಂದು ಎಲೆಯನ್ನೋ ನೆಗೆಟಿವನ್ನೋ ಇಟ್ಟು, ಮೇಲೆ ಗಾಜು ಒತ್ತಿ, ಬಿಸಿಲಿಗೆ ಹಿಡಿಯಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬಿದ್ದಲ್ಲಿ ಕಬ್ಬಿಣದ ಗುಣ ಬದಲಾಗುತ್ತದೆ. ಬದಲಾದ ಕಬ್ಬಿಣ ಎರಡನೆಯ ಲವಣದೊಡನೆ ಸೇರಿ ಪ್ರಶಿಯನ್ ಬ್ಲೂ ಎಂಬ ನೀಲಿ ಬಣ್ಣವಾಗುತ್ತದೆ. ಆ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ನೆರಳಿದ್ದಲ್ಲಿ ಏನೂ ಆಗುವುದಿಲ್ಲ. ಅಲ್ಲಿಯ ಲವಣ ಬರಿಯ ನೀರಿನಲ್ಲಿ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಚಿತ್ರ ನಿಲ್ಲಿಸಲು ಬೇರೆ ಔಷಧಿ ಬೇಡ. ನಳದ ನೀರು ಸಾಕು.

ಇಂಜಿನಿಯರರು ಇದನ್ನು ಹಿಡಿದುಕೊಂಡದ್ದು 1870ರ ದಶಕದಿಂದ. ಗಂಜಿ ಹಾಕಿ ಪಾರದರ್ಶಕ ಮಾಡಿದ ತೆಳು ಬಟ್ಟೆಯ ಮೇಲೆ ಕಪ್ಪು ಶಾಯಿಯಿಂದ ನಕ್ಷೆ ಬರೆದು, ಈ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದರೆ, ಬರೆದ ಗೆರೆಯೆಲ್ಲ ಬಿಳಿ, ಉಳಿದದ್ದೆಲ್ಲ ನೀಲಿ. ಒಂದು ನಕ್ಷೆಯಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಸೇತುವೆ, ಹಡಗು, ಗಿರಣಿ ಎಲ್ಲವೂ ಆ ನೀಲಿ ಕಾಗದ ಹಿಡಿದು ಎದ್ದು ನಿಂತವು. ಮುಂದೆ ಬೇರೆ ಯಂತ್ರಗಳು ಬಂದು ಅದು ಮರೆಯಾಯಿತು. ನೀಲನಕ್ಷೆ ಎಂಬ ಶಬ್ದ ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಆದರೆ ಇಂಜಿನಿಯರರಿಗಿಂತ ಮೊದಲೇ ಒಬ್ಬ ಹೆಣ್ಣುಮಗಳು ಇದರ ಬೆಲೆಯನ್ನು ಅರಿತಿದ್ದರು. ಅವರ ಹೆಸರು ಆನಾ ಆಟ್ಕಿನ್ಸ್, 1799ರಲ್ಲಿ ಹುಟ್ಟಿದವರು. ಸಸ್ಯಶಾಸ್ತ್ರದಲ್ಲಿ ಆಸಕ್ತಿ. ಸಮುದ್ರದ ಪಾಚಿಯ ಎಳೆಗಳು ಅತಿ ಸೂಕ್ಷ್ಮ. ಕೈಯಿಂದ ಸರಿಯಾಗಿ ಬರೆಯುವುದು ಕಷ್ಟ. ಅದಕ್ಕೆ ಅವರು ಒಣಗಿಸಿದ ಪಾಚಿಯನ್ನೇ ಆ ಕಾಗದದ ಮೇಲಿಟ್ಟು ಬಿಸಿಲಿನಿಂದಲೇ ಬರೆಸಿದರು. 1843ರಲ್ಲಿ ಮೊದಲ ಭಾಗ ಹೊರಟಿತು. ಹತ್ತು ವರ್ಷ ಈ ಕೆಲಸ ನಡೆಯಿತು. ಅಕ್ಷರಗಳೂ ಅವರ ಕೈಬರಹವೇ, ಅವೂ ನೀಲಿಯ ಮೇಲೆ ಬಿಳಿ. ಛಾಯಾಚಿತ್ರಗಳಿಂದ ಕೂಡಿದ ಮೊಟ್ಟಮೊದಲ ಪುಸ್ತಕವೆಂದು ಇದನ್ನೇ ಎಣಿಸುತ್ತಾರೆ. ಕ್ಯಾಮರಾ ಇಲ್ಲದೆ, ಕಾರಖಾನೆ ಇಲ್ಲದೆ, ಒಂದೊಂದು ಪುಟವನ್ನೂ ಕೈಯಿಂದ ಬಳಿದು, ಬಿಸಿಲಿಗಿಟ್ಟು, ತೊಳೆದು ಮಾಡಿದ ಪುಸ್ತಕ!

ಇಂಥ ವಿಧಾನಗಳು ಹಲವು. ಉಪ್ಪುನೀರು ಮತ್ತು ಬೆಳ್ಳಿಯ ಲವಣ ಬಳಿದ ಕಾಗದದಿಂದ ಚಿತ್ರ ತೆಗೆಯುವುದನ್ನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1839ರಲ್ಲಿ ಲೋಕಕ್ಕೆ ತಿಳಿಸಿದರು. ಮೊಟ್ಟೆಯ ಬಿಳಿಯ ಭಾಗ ಬಳಿದ ಕಾಗದವೂ ಬಂತು. ಪ್ಲಾಟಿನಮ್ ಲೋಹದ ಚಿತ್ರಕ್ಕೆ ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದರು; ಬಾಳಿಕೆಯಲ್ಲಿ ಅದರ ಸಮಾನವಾದ ಚಿತ್ರ ವಿರಳ. ಮುಂದೆ ಕಾರಖಾನೆಯಲ್ಲಿ ಸಿದ್ಧವಾದ ಬೆಳ್ಳಿ-ಜೆಲಟಿನ್ ಕಾಗದ ಪೆಟ್ಟಿಗೆಯಲ್ಲಿ ಸಿಗತೊಡಗಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ನರ ಕೊಡಾಕ್ ಕ್ಯಾಮರಾ ಬಂತು. ಗುಂಡಿ ಒತ್ತುವುದು ನಮ್ಮ ಕೆಲಸ, ಮಿಕ್ಕದ್ದು ಕಾರಖಾನೆಯ ಕೆಲಸ ಎಂಬಂತಾಯಿತು. ಕೈಯಿಂದ ಬಳಿಯುವ ವಿಧಾನಗಳು ಹಿಂದೆ ಬಿದ್ದವು. ಕಾರಖಾನೆಯ ಕಾಗದಕ್ಕೆ ಬದಲಾಗಿ ಬಳಸುವಂಥವು ಎಂಬ ಅರ್ಥದಲ್ಲಿ ಇವಕ್ಕೆ ಈಗ ಪರ್ಯಾಯ ವಿಧಾನಗಳು ಎನ್ನುತ್ತಾರೆ. ಕಾಲ ಯಾರನ್ನೂ ಬಿಡುವುದಿಲ್ಲ ನೋಡಿರಿ: ಆ ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿತನದ ಅರ್ಜಿ ಹಾಕಬೇಕಾಯಿತು.

ಹೀಗೆ ಹಿಂದೆ ಬಿದ್ದದ್ದನ್ನು ವಿಶ್ವವಿದ್ಯಾಲಯ ಯಾಕೆ ಎತ್ತಿಕೊಂಡಿತು? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಉದಾಹರಣೆ ಹೇಳುತ್ತೇವೆ. ಅಲ್ಲಿ 1947ರಿಂದ 1977ರವರೆಗೆ ಹೆನ್ರಿ ಹೋಮ್ಸ್ ಸ್ಮಿತ್ ಎಂಬವರು ಛಾಯಾಚಿತ್ರ ಕಲೆಯನ್ನು ಕಲಿಸುತ್ತಿದ್ದರು. ಕ್ಯಾಮರಾ ಇದ್ದರೆ ಮಾತ್ರ ಫೋಟೋ ಎಂದು ನಂಬಿದವರಲ್ಲ ಅವರು. ಗಾಜಿನ ಮೇಲೆ ಜೋಳದ ಪಾಕವನ್ನೂ ನೀರನ್ನೂ ಸುರಿದು, ಅದರೊಳಗಿಂದ ಬೆಳಕು ಹಾಯಿಸಿ ಚಿತ್ರ ಮಾಡಿದವರು. ಅವರಲ್ಲಿ ಕಲಿತವರು ಬೆಟ್ಟಿ ಹಾನ್ ಎಂಬ ವಿದ್ಯಾರ್ಥಿನಿ. 1966ರಲ್ಲಿ ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದರು. ಅವರು ಹಿಡಿದದ್ದು ಅಂಟಿನ ವಿಧಾನ.

ಇದನ್ನು ನಮ್ಮ ಬಣ್ಣದ ಖಾತೆಯ ಅಣ್ಣಂದಿರು ಗಮನವಿಟ್ಟು ಕೇಳಬೇಕು. ಅರಬಿ ಅಂಟು, ಚಿತ್ರಕಾರರ ನೀರುಬಣ್ಣ, ಡೈಕ್ರೊಮೇಟ್ ಲವಣ ಈ ಮೂರನ್ನು ಕೂಡಿಸಿ ಕಾಗದಕ್ಕೆ ಬಳಿಯಬೇಕು. ಬೆಳಕು ಬಿದ್ದಲ್ಲಿ ಅಂಟು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ; ಬೀಳದಲ್ಲಿ ನೀರಿಗೆ ಬಿಟ್ಟುಹೋಗುತ್ತದೆ. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪ್ರತಿ ಸಲವೂ ನೆಗೆಟಿವ್ ಕೂದಲೆಳೆಯಷ್ಟೂ ಸರಿಯದಂತೆ ಅದೇ ಜಾಗಕ್ಕೆ ಕೂಡಬೇಕು. ಬಟ್ಟೆಗೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಒತ್ತುವವರಿಗೆ ಈ ಕಷ್ಟ ಗೊತ್ತಿದೆ. ಕಾಗದ ನೀರಿನಲ್ಲಿ ಕುಗ್ಗಿ ಅಚ್ಚು ತಪ್ಪಬಾರದೆಂದು ಮೊದಲೇ ಬಿಸಿನೀರಿನಲ್ಲಿ ನೆನೆಸಿ ಕುಗ್ಗಿಸಿಕೊಳ್ಳುತ್ತಾರೆ. ಆಮೇಲೆ ನಾವು ನೂಲಿಗೆ ಗಂಜಿ ಹಾಕುವಂತೆ ಅದಕ್ಕೆ ಜೆಲಟಿನ್ ಹಚ್ಚುತ್ತಾರೆ. ಇದನ್ನು ಓದಿದಾಗ, ಇದೇನು ಅಪರಿಚಿತ ವಿದ್ಯೆಯಲ್ಲ, ನಮ್ಮ ಗಿರಣಿಯ ಸೋದರಸಂಬಂಧಿ ಎನ್ನಿಸಿತು.

ಬೆಟ್ಟಿ ಹಾನ್ ಕಾಗದವನ್ನೂ ಬಿಟ್ಟು ಹತ್ತಿಯ ಬಟ್ಟೆಗೆ ಬಂದರು. ಬಟ್ಟೆಯ ಮೇಲೆ ಅಂಟಿನ ವಿಧಾನದಿಂದ ಫೋಟೋ ಮೂಡಿಸಿ, ಅದರ ಮೇಲೆ ಸೂಜಿ-ದಾರದಿಂದ ಕಸೂತಿ ಹಾಕಿದರು. 1971ರಲ್ಲಿ ಅವರು ಮಾಡಿದ ಒಂದು ಕೃತಿಯಲ್ಲಿ ಮುಂದಕ್ಕೆ ಸಾಗಿದ ರಸ್ತೆ ಫೋಟೋ, ಕಾಮನಬಿಲ್ಲು ಬಣ್ಣದ ದಾರ. ಹೆಂಗಸರ ಮನೆಗೆಲಸವೆಂದು ಬದಿಗಿಟ್ಟ ಕಸೂತಿಯೂ ಹಳತೆಂದು ಬದಿಗಿಟ್ಟ ಫೋಟೋ ವಿಧಾನವೂ ಕೂಡಿ ಕಲೆಯ ಮನೆಯಲ್ಲಿ ಗೌರವದ ಸ್ಥಾನ ಪಡೆದವು. ಮುಂದೆ ಅವರು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಎರಡು ದಶಕ ಇಂಥ ವಿದ್ಯೆಯನ್ನೇ ಕಲಿಸಿದರು.

ಇನ್ನು ತರಗತಿಯಲ್ಲಿ ನಡೆಯುವುದೇನು? ಮನಸ್ಸಿಗೆ ಬಂದಂತೆ ಬಣ್ಣ ಬಳಿಯುವ ಆಟವೆಂದು ನಾವು ತಿಳಿದಿದ್ದೆವು. ಅದು ತಪ್ಪು. ಅಲ್ಲಿ ವಿದ್ಯಾರ್ಥಿಯ ಮುಖ್ಯ ಸಾಧನ ಒಂದು ವಹಿ. ಯಾವ ಕಾಗದ, ಎಷ್ಟು ಹನಿ ದ್ರಾವಣ, ಗಾಳಿಯಲ್ಲಿ ತೇವ ಎಷ್ಟು, ಬೆಳಕಿಗೆ ಹಿಡಿದದ್ದು ಎಷ್ಟು ನಿಮಿಷ, ತೊಳೆದದ್ದು ಎಷ್ಟು ಹೊತ್ತು, ಎಲ್ಲವನ್ನೂ ದಿನಾಂಕ ಹಾಕಿ ಬರೆಯಬೇಕು. ತಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳಿರುವ ಒಂದು ಅಳತೆಪಟ್ಟಿಯನ್ನು ಮೊದಲು ಅಚ್ಚು ತೆಗೆದು, ಎಷ್ಟು ಮೆಟ್ಟಿಲು ಸ್ಪಷ್ಟವಾಗಿ ಬಂದವು ಎಂದು ಎಣಿಸಬೇಕು. ಚಿತ್ರ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ವಹಿ ಹೇಳಬೇಕು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಮತ್ತೆ ಮಾಡಬೇಕು. ಕಿರ್ದಿ-ಖಾತೆ ಬರೆಯುವ ನಮಗೆ ಇದನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಜಮೆ ತಾಳೆಯಾಗದಿದ್ದರೆ ನಾವೂ ಹೀಗೆಯೇ ಹುಡುಕುತ್ತೇವೆ.

ಜಾಗರೂಕತೆಯೂ ಪಾಠದ ಒಂದು ಭಾಗ. ಡೈಕ್ರೊಮೇಟ್ ವಿಷ, ಕ್ಯಾನ್ಸರ್ ತರಬಲ್ಲದು. ಕೈಚೀಲವಿಲ್ಲದೆ, ಗಾಳಿಯ ವ್ಯವಸ್ಥೆಯಿಲ್ಲದೆ ಮುಟ್ಟಬಾರದು. ಫೆರಿಸಯನೈಡಿಗೆ ತೀಕ್ಷ್ಣ ಆಮ್ಲ ಸೋಕಿದರೆ ಪ್ರಾಣಾಂತಿಕ ಅನಿಲ ಏಳಬಹುದು. ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕೆಂಬುದಕ್ಕೂ ನಿಯಮವಿದೆ. ಬಣ್ಣದ ಖಾತೆಯಲ್ಲಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಏನನ್ನು ಮುಟ್ಟುತ್ತಿದ್ದೇವೆಂದು ಮೊದಲು ತಿಳಿಸಿ ಆಮೇಲೆ ಕೆಲಸಕ್ಕೆ ಹಚ್ಚುವುದು ಎಷ್ಟು ದೊಡ್ಡ ಮಾತೆಂದು ಅವರನ್ನೇ ಕೇಳಿರಿ.

ಹೊಸದನ್ನು ಅಲ್ಲಿ ದೂರವಿಟ್ಟಿದ್ದಾರೆಂದೂ ತಿಳಿಯಬೇಡಿರಿ. ಈ ವಿಧಾನಗಳಲ್ಲಿ ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. 1990ರ ದಶಕದಿಂದ ಕಂಪ್ಯೂಟರಿನಲ್ಲಿ ನೆಗೆಟಿವ್ ಸಿದ್ಧಪಡಿಸಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸುವ ಕ್ರಮ ಬಂದಿದೆ. ಹಾಗಾಗಿ ನಮ್ಮ ಕಿಸೆಯ ಫೋನಿನಲ್ಲಿ ತೆಗೆದ ಚಿತ್ರವನ್ನೂ ಹರ್ಷೆಲ್ಲರ ನೀಲಿಯಲ್ಲಿ ಮೂಡಿಸಬಹುದು.

ಇದೆಲ್ಲ ಸರಿ, ಹೊಟ್ಟೆಯ ಮಾತೇನು ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೇಳಬೇಕು. ಕೇಳುವುದು ನ್ಯಾಯವೇ. ನೇರವಾಗಿ ಉತ್ತರಿಸುತ್ತೇವೆ: ಈ ವಿದ್ಯೆ ಕಲಿತವರಿಗೆ ನೌಕರಿ ಕಾದು ಕುಳಿತಿಲ್ಲ. ಇದರಿಂದ ಹಣ ಬರುತ್ತದೆಂದು ಹೇಳಿದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಆದರೆ ಇದಕ್ಕೆ ಕೆಲಸವೇ ಇಲ್ಲವೆಂಬುದೂ ಸುಳ್ಳು. ಹಳೆಯ ಚಿತ್ರಗಳನ್ನು ಕಾಯುವ ವಸ್ತುಸಂಗ್ರಹಾಲಯಗಳೂ ದಾಖಲೆಮನೆಗಳೂ ಇವೆ. ನಮ್ಮ ಬೆಂಗಳೂರಿನಲ್ಲಿಯೇ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೊಂದು ಜನರಿಗೆ ಬಾಗಿಲು ತೆರೆಯಿತು. ಎದುರಿಗಿರುವ ಚಿತ್ರ ಮೊಟ್ಟೆಯ ಕಾಗದದ್ದೋ ಪ್ಲಾಟಿನಮ್ಮಿನದೋ ಕಬ್ಬಿಣದ್ದೋ ಎಂದು ಗುರುತಿಸದೆ ಅದನ್ನು ಕಾಪಾಡಲು ಬರುವುದಿಲ್ಲ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೇಡು. ಸಯನೋಟೈಪಿಗೆ ಸೋಡಾದ ನೀರು ತಗಲಿದರೆ ನೀಲಿ ಹೊರಟುಹೋಗುತ್ತದೆ. ಕೈಯಿಂದ ಮಾಡಿ ಬಲ್ಲವನ ಕಣ್ಣು ಇದನ್ನು ಬೇಗ ಗುರುತಿಸುತ್ತದೆ.

ಇಲ್ಲಿ ನಮ್ಮ ನಾಡಿನ ಸಂಗತಿಯೊಂದಿದೆ. 1854ರಲ್ಲಿ ಕಂಪನಿ ಸರಕಾರದ ಸೈನ್ಯದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದರು. ಆಗ ಫಿಲ್ಮು ಇರಲಿಲ್ಲ. ಅವರ ನೆಗೆಟಿವ್ ಎಂದರೆ ಮೇಣ ಹಚ್ಚಿದ ಕಾಗದ. ನಮ್ಮ ಬಿಸಿಲು, ನಮ್ಮ ಕಲ್ಲು, ಒಂದು ಹಾಳೆ ಕಾಗದ. 170 ವರ್ಷಗಳ ಹಿಂದೆ ಆ ಗುಡಿಗಳು ಹೇಗಿದ್ದವೆಂದು ತಿಳಿಯಬೇಕಾದರೆ ಆ ಕಾಗದವೇ ಸಾಕ್ಷಿ. ಆ ಸಾಕ್ಷಿಯನ್ನು ಓದಬಲ್ಲವರು, ಉಳಿಸಬಲ್ಲವರು ನಮ್ಮವರಲ್ಲಿಯೂ ಬೇಡವೆ?

ನಮ್ಮ ಮನೆಯ ಒಂದು ಮಾತನ್ನೂ ಹೇಳಿಬಿಡುತ್ತೇವೆ. ನಮ್ಮ ತಂದೆಯವರು ತೀರಿಕೊಂಡ ವರ್ಷ ಒಂದು ಬಣ್ಣದ ಭಾವಚಿತ್ರ ಮಾಡಿಸಿ, ಚಾಳಿನ ಕೋಣೆಯಲ್ಲಿ ಕಿಟಕಿಯ ಎದುರಿಗೆ ತೂಗುಹಾಕಿದೆವು. ಬೆಳಗಿನ ಬಿಸಿಲು ಅದರ ಮೇಲೆ ಬೀಳುವುದು ಚೆಂದವೆನ್ನಿಸುತ್ತಿತ್ತು. ಹನ್ನೆರಡು ವರ್ಷದಲ್ಲಿ ಮುಖವೆಲ್ಲ ಬಿಳಚಿ, ಮೀಸೆಯೊಂದೇ ಉಳಿದಿದೆ. ತಪ್ಪು ಸ್ಟುಡಿಯೋದವರದಲ್ಲ, ಬಿಸಿಲಿಗೆ ಇಟ್ಟವರು ನಾವು. ಬೆಳಕಿನಿಂದ ಹುಟ್ಟಿದ ಚಿತ್ರವನ್ನು ಬೆಳಕೇ ತಿನ್ನುತ್ತದೆಂದು ನಮಗೆ ಯಾರೂ ಕಲಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಸಯನೋಟೈಪ್ ಕೂಡ ಬಿಸಿಲಿಗೆ ಮಾಸುತ್ತದೆ. ಆದರೆ ಅದನ್ನು ಕೆಲಕಾಲ ಗಾಳಿಯಾಡುವ ಕತ್ತಲೆಯಲ್ಲಿಟ್ಟರೆ ಕಳೆದುಕೊಂಡ ನೀಲಿಯನ್ನು ಬಹುಮಟ್ಟಿಗೆ ತಿರುಗಿ ಪಡೆಯುತ್ತದೆ. ಬಣ್ಣದ ಕಾಗದಕ್ಕೆ ಆ ಭಾಗ್ಯವಿಲ್ಲ. ಇದನ್ನು ಓದಿದ ದಿನವೇ ತಂದೆಯವರ ಚಿತ್ರವನ್ನು ಗೋಡೆಯಿಂದ ಇಳಿಸಿ ಟ್ರಂಕಿನಲ್ಲಿಟ್ಟೆವು. ತಡವಾಯಿತು, ನಿಜ.

ಇನ್ನು ಆ ಹುಡುಗನ ಮಾತು. ಹೋದ ತಿಂಗಳ ಒಂದು ರವಿವಾರ ಅವನೇ ನಮ್ಮ ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಕಾಗದ ಬಳಿದ. ಅವನ ತಂದೆಯವರನ್ನೂ ಕರೆಸಿದ್ದೆವು. ಊರಿನ ಕೈಮಗ್ಗದ ಕಾಲದ ಒಂದು ಮರದ ಲಾಳಿ ಅವರ ಮನೆಯಲ್ಲಿತ್ತು, ಅದನ್ನು ತಂದಿದ್ದರು. ಮಾಳಿಗೆಯ ಮೇಲೆ ಅದನ್ನು ಕಾಗದದ ಮೇಲಿಟ್ಟು ಹತ್ತು ನಿಮಿಷ ಬಿಸಿಲಿಗೆ ಬಿಟ್ಟೆವು. ಬಾಲದಿಯಲ್ಲಿ ತೊಳೆದಾಗ ನೀಲಿಯ ನಡುವೆ ಲಾಳಿ ಬೆಳ್ಳಗೆ ಮೂಡಿತು. ಪಕ್ಕದಲ್ಲಿ ಬಿಟ್ಟ ದಾರದ ಎಳೆಯೂ ಮೂಡಿತು. ಹಿರಿಯರು ಬಹಳ ಹೊತ್ತು ನೋಡಿದರು. “ನಮ್ಮಪ್ಪನ ಲಾಳಿ” ಎಂದರು. ಸ್ವಲ್ಪ ಸುಮ್ಮನಿದ್ದು, “ಫೀ ಎಷ್ಟಂತ?” ಎಂದು ಕೇಳಿದರು.

ಅವರು ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾವೂ ಅನ್ನುವುದಿಲ್ಲ, ಅದು ಅವರ ಮನೆಯ ತೀರ್ಮಾನ. ಆದರೆ ಅಂದು ಕೊಟ್ಟ ಉಪದೇಶವನ್ನು ಈ ಸಭೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅದರ ಬದಲು ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದೇವೆ. ಫೀಯಲ್ಲಿ ಕಾಗದ-ರಸಾಯನಗಳ ಖರ್ಚು ಸೇರಿದೆಯೋ ಬೇರೆಯೋ? ವಿದ್ಯಾರ್ಥಿವೇತನ ಉಂಟೋ? ಹಳೆಯ ಚಿತ್ರಗಳ ಸಂರಕ್ಷಣೆಯನ್ನೂ ಕಲಿಸುತ್ತಾರೋ? ಕಲಿತು ಹೊರಬಿದ್ದವರು ಈಗ ಏನು ಮಾಡುತ್ತಿದ್ದಾರೆ? ಈ ನಾಲ್ಕಕ್ಕೆ ಉತ್ತರ ತರಿಸಿಕೊಂಡ ಮೇಲೆ ತಂದೆ-ಮಗ ಕೂಡಿ ಕುಳಿತು ಲೆಕ್ಕ ಹಾಕಲಿ. ಜೊತೆಗೆ ಅನ್ನ ಕೊಡುವ ಇನ್ನೊಂದು ಕೆಲಸವೂ ಹುಡುಗನ ಕೈಯಲ್ಲಿರಲಿ ಎಂಬುದು ನಮ್ಮ ಸಲಹೆ.

ಬಂಧುಗಳೆ, ಊರು ಬಿಟ್ಟು ಬಂದವರು ನಾವು. ಮಕ್ಕಳಿಗೆ ನೌಕರಿಯ ವಿದ್ಯೆ ಮೊದಲು ಎನ್ನುವುದು ತಪ್ಪಲ್ಲ. ಹಸಿವೆ ಕಂಡವರು ಆಡುವ ಮಾತು ಅದು. ಆದರೆ ನೌಕರಿಯ ವಿದ್ಯೆ ಬಿಟ್ಟು ಬೇರೆ ವಿದ್ಯೆಯೇ ನಮ್ಮವರಿಗಲ್ಲ ಎನ್ನುವುದು ತಪ್ಪು. ನೂಲು ಬಟ್ಟೆಯಾಗುವುದು ಹೇಗೆಂದು ಬಲ್ಲವರು ನಾವು. ಬೆಳಕು ಚಿತ್ರವಾಗುವುದು ಹೇಗೆಂದು ನಮ್ಮ ಮಕ್ಕಳು ಕೇಳಿದರೆ, ತಿಳಿಯದೆ ಬಾಯಿ ಮುಚ್ಚಿಸಬಾರದು.

ಬರುವ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಳಿಗೆಯ ಮೇಲೆ ಈ ಪ್ರಯೋಗ ಮತ್ತೊಮ್ಮೆ ನಡೆಯುತ್ತದೆ. ಮಕ್ಕಳನ್ನು ಕರೆತನ್ನಿರಿ, ಎಲೆ, ಬೀಗದ ಕೈ, ಗುಂಡಿ, ಏನಾದರೂ ಒಂದು ವಸ್ತು ತನ್ನಿರಿ. ಮೋಡವಿದ್ದರೆ ಬಿಸಿಲು ಬರುವವರೆಗೆ ಇಲ್ಲಿಯೇ ಕುಳಿತು ಏನಾದರೂ ಓದೋಣ.